ಅಮ್ಮನಿಗಾಗಿ ಎಷ್ಟು ಪ್ರಾರ್ಥಿಸಿದರೂ ಗುಣವಾಗುತ್ತಿಲ್ಲ. ದೇವರು ಕಾಪಾಡುತ್ತಾನೆ ಅಂತ ಹೇಗೆ ನಂಬಲಿ?

ನೀವು ಎರಡು ವಿಷಯ ಬರೆದಿದ್ದೀರಿ. ಅಮ್ಮನ ಕಿಡ್ನಿ ಕೆಟ್ಟಿದೆ, ಡಯಾಲಿಸಿಸ್ ನಡೆಯುತ್ತಿದೆ, ಸಭೆಯವರೆಲ್ಲ ಉಪವಾಸ ಪ್ರಾರ್ಥನೆ ಮಾಡಿದರೂ ಗುಣ ಕಾಣುತ್ತಿಲ್ಲ ಅನ್ನುವುದು ಒಂದು. ಮನೆಗೆ ಬಂದ ವಿಶ್ವಾಸಿಯೊಬ್ಬರು "ನಿಮಗೆ ನಂಬಿಕೆ ಸಾಲದು, ಡಯಾಲಿಸಿಸ್ ಬಿಟ್ಟು 91ನೇ ಕೀರ್ತನೆ ಹಿಡಿದುಕೊಳ್ಳಿ" ಅಂದದ್ದು ಇನ್ನೊಂದು. ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಅದು ಅರ್ಜೆಂಟು. ಡಯಾಲಿಸಿಸ್ ನಿಲ್ಲಿಸಬೇಡಿ. ಒಂದು ಸರದಿಯನ್ನೂ ತಪ್ಪಿಸಬೇಡಿ.

ಬೈಬಲಿನ ಆ 91ನೇ ಕೀರ್ತನೆ ನನಗೂ ಬಾಯಿಪಾಠ. ಪಕ್ಕದಲ್ಲಿ ಸಾವಿರ ಜನ ಬಿದ್ದರೂ ನಿನಗೇನೂ ತಟ್ಟುವುದಿಲ್ಲ, ಕಾಲು ಕಲ್ಲಿಗೆ ತಗಲದ ಹಾಗೆ ದೇವದೂತರು ಎತ್ತಿಕೊಳ್ಳುತ್ತಾರೆ ಅನ್ನುತ್ತದೆ ಅದು. ಆದರೆ ಮತ್ತಾಯ 4ನೇ ಅಧ್ಯಾಯದಲ್ಲಿ ಈ ದೇವದೂತರ ಮಾತನ್ನು ಯೇಸುವಿಗೆ ನೆನಪಿಸಿದವನು ಯಾರು ನೋಡಿ. ಸೈತಾನ! ದೇವಾಲಯದ ತುದಿಯಲ್ಲಿ ನಿಲ್ಲಿಸಿ, "ಕೆಳಗೆ ಧುಮುಕು, ಹೇಗೂ ದೂತರು ಹಿಡಿಯುತ್ತಾರಲ್ಲ" ಅಂದ. ಯೇಸು ಆ ಕೀರ್ತನೆ ಸುಳ್ಳು ಅನ್ನಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂತಲೂ ಬರೆದಿದೆ ಅಂದು ಸುಮ್ಮನಾಗಿಸಿದ. ಮೆಷಿನ್ ಬಿಟ್ಟು ನೋಡೋಣ, ದೇವರು ಏನು ಮಾಡ್ತಾನೋ ಅನ್ನುವುದೂ ಧುಮುಕಿದ ಹಾಗೇ. ಅಷ್ಟಕ್ಕೂ ಸುವಾರ್ತೆ ಬರೆದ ಲೂಕನೇ ವೈದ್ಯ. ಮಿಷನರಿ ವೈದ್ಯೆ ಐಡಾ ಸ್ಕಡರ್ 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ದವಾಖಾನೆ ಶುರು ಮಾಡಿದ್ದು, ಮೈಸೂರಿನ ಮಿಷನ್ ಆಸ್ಪತ್ರೆ 1906ರಲ್ಲಿ ಬಾಗಿಲು ತೆರೆದದ್ದು ನಂಬಿಕೆ ಕಡಿಮೆಯಾಗಿ ಅಲ್ಲ ತಾನೇ?

ಇನ್ನು ನಿಮ್ಮ ಮೊದಲ ಪ್ರಶ್ನೆ. ಅದು ಕಷ್ಟದ್ದು. ಇವತ್ತು ಬಿಡುವಾದಾಗ ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ ಓದಿ. ಯೇಸುವಿನ ಶಿಷ್ಯ ಪೇತ್ರ ಸೆರೆಮನೆಯಿಂದ ತಪ್ಪಿಸಿಕೊಂಡ ಕಥೆ ಅಂತ ಎಲ್ಲರಿಗೂ ಗೊತ್ತು. ಎಂಥಾ ಕಥೆ ಅದು! ಕಾವಲಿಗೆ ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡ. ಎರಡು ಸರಪಣಿ ಹಾಕಿಸಿಕೊಂಡು, ಇಬ್ಬರು ಸಿಪಾಯಿಗಳ ನಡುವೆ ಪೇತ್ರ ನಿದ್ದೆ ಹೊಡೆಯುತ್ತಿದ್ದಾನೆ. ದೂತ ಪಕ್ಕೆಗೆ ತಟ್ಟಿ ಎಬ್ಬಿಸಬೇಕಾಯಿತು. ಕಬ್ಬಿಣದ ಬಾಗಿಲು ತಾನಾಗಿ ತೆರೆಯಿತು. ಅವನು ಬಂದು ಕದ ತಟ್ಟಿದರೆ ರೋದೆ ಅನ್ನುವ ಹುಡುಗಿ ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದಳು. ಅವನಿಗಾಗಿ ಪ್ರಾರ್ಥಿಸುತ್ತಾ ಕೂತವರೇ ಅವಳಿಗೆ "ನಿನಗೆ ಹುಚ್ಚು" ಅಂದರು. ಅವರ ನಂಬಿಕೆ ಅಷ್ಟು! ಆದರೂ ಪೇತ್ರ ಬಾಗಿಲಲ್ಲೇ ನಿಂತಿದ್ದ. ನಂಬಿಕೆ ತೂಕ ಹಾಕಿ ಆಮೇಲೆ ಕಾಪಾಡುವ ದೇವರಾಗಿದ್ದರೆ ಆ ರಾತ್ರಿ ಪೇತ್ರ ಸೆರೆಮನೆಯಲ್ಲೇ ಉಳಿಯಬೇಕಿತ್ತು.

ಆದರೆ ಅದೇ ಅಧ್ಯಾಯದ ಎರಡನೇ ವಚನ ನಾವು ಗಬಕ್ಕನೆ ದಾಟಿಬಿಡುತ್ತೇವೆ. ಹೆರೋದ ರಾಜ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅಷ್ಟೇ, ಒಂದೇ ಸಾಲು. ದೂತ ಬರಲಿಲ್ಲ, ಬಾಗಿಲು ತೆರೆಯಲಿಲ್ಲ. ಯಾಕೋಬನೂ ಯೇಸುವಿನ ಜೊತೆ ತಿರುಗಾಡಿದವನೇ, ಪೇತ್ರನಷ್ಟೇ ಹತ್ತಿರದವನು. ಪೇತ್ರ ಬಿಡುಗಡೆಯಾಗಿ ಬಂದ ರಾತ್ರಿ ಯಾಕೋಬನ ತಾಯಿ ಆ ಮನೆಯಲ್ಲಿ ಕೂತಿದ್ದಳೋ ಏನೋ, ಬೈಬಲ್ ಹೇಳುವುದಿಲ್ಲ. ಇವನಿಗೆ ಯಾಕೆ, ಅವನಿಗೆ ಯಾಕಿಲ್ಲ ಅಂತಲೂ ಹೇಳುವುದಿಲ್ಲ. ಯಾಕೋಬನಿಗೆ ನಂಬಿಕೆ ಕಡಿಮೆಯಿತ್ತು ಅಂತಂತೂ ಎಲ್ಲೂ ಬರೆದಿಲ್ಲ.

ನಮ್ಮದು ಧಾರವಾಡದ ಕಡೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮನೆತನ. ನನ್ನ ಅಣ್ಣ ಬೈಕ್ ಅಪಘಾತದಲ್ಲಿ ಬಿದ್ದು ಐಸಿಯುನಲ್ಲಿದ್ದಾಗ, ಪಕ್ಕದ ಹಾಸಿಗೆಯಲ್ಲಿ ನಮ್ಮ ಸಭೆಯದೇ ಹುಡುಗನೊಬ್ಬನಿದ್ದ. ಒಂದೇ ಪ್ರಾರ್ಥನಾ ಚೀಟಿಯಲ್ಲಿ ಇಬ್ಬರ ಹೆಸರು. ಆ ಹುಡುಗ ಮನೆಗೆ ಬಂದ, ಅಣ್ಣ ಬರಲಿಲ್ಲ. ದೇವರು ಮಗನನ್ನು ಉಳಿಸಿದ ಅಂತ ಹುಡುಗನ ತಾಯಿ ಸಭೆಯಲ್ಲಿ ಸಾಕ್ಷಿ ಹೇಳಿದರು, ಎಲ್ಲರೂ ಸ್ತೋತ್ರ ಅಂದರು. ನಮ್ಮವ್ವನೂ ಅಂದಳು, ದನಿ ನಡುಗುತ್ತಿತ್ತು. ಸಾಕ್ಷಿ ಹೇಳಲು ಮೈಕ್ ಸಿಗುವುದು ಜಾಸ್ತಿ ಪೇತ್ರನ ಮನೆಯವರಿಗೇ. ಇದು ಸಭೆಗಳ ಮೇಲೆ ನನಗಿರುವ ಸಣ್ಣ ತಕರಾರು. ಕಳೆದುಕೊಂಡವರೂ ಎದ್ದು ನಿಂತು ಮಾತಾಡಿದರೆ, ನಿಮ್ಮಂಥವರು ಹೀಗೆ ಗುಟ್ಟಾಗಿ ಪ್ರಶ್ನೆ ಕೇಳಬೇಕಾಗುತ್ತಿರಲಿಲ್ಲ.

ಹಾಗಾದರೆ ನಾನು ಈಗ ಏನು ನಂಬುತ್ತೇನೆ? ಏನೂ ಆಗುವುದಿಲ್ಲ ಅನ್ನುವ ಗ್ಯಾರಂಟಿಯನ್ನಂತೂ ಅಲ್ಲ. ಗುಬ್ಬಚ್ಚಿಯ ಮಾತು ಹೇಳುವಾಗ ಯೇಸು, ಅವು ನೆಲಕ್ಕೆ ಬೀಳುವುದೇ ಇಲ್ಲ ಅನ್ನಲಿಲ್ಲ. ತಂದೆಗೆ ತಿಳಿಯದೆ ಒಂದೂ ಬೀಳುವುದಿಲ್ಲ ಅಂದ. 23ನೇ ಕೀರ್ತನೆಯಲ್ಲೂ ಕಾರ್ಗತ್ತಲಿನ ಕಣಿವೆಗೆ ಅಡ್ಡದಾರಿ ಇಲ್ಲ, ಅದರೊಳಗೇ ನಡೆಯಬೇಕು, ಕುರುಬ ಹತ್ತಿರ ಇರುತ್ತಾನೆ. ಅಣ್ಣ ಹೋದ ಮೇಲೆ ಅವ್ವ ಅಡುಗೆಮನೆಯಲ್ಲಿ ದೇವರ ಜೊತೆ ಜಗಳವಾಡುತ್ತಿದ್ದಳು, ಜೋರಾಗಿಯೇ. ಪ್ರಾರ್ಥನೆ ಮಾತ್ರ ಬಿಡಲಿಲ್ಲ. ಬೈಗುಳವೂ ಅವನಿಗೇ, ಬೇಡಿಕೆಯೂ ಅವನಿಗೇ. ನನ್ನ ಮಟ್ಟಿಗೆ ಅದೇ ಭರವಸೆ. ಅಮ್ಮ ಚೆನ್ನಾಗಲಿ ಅಂತ ಧೈರ್ಯವಾಗಿ ಕೇಳಿ, ದಿನಾ ಕೇಳಿ. ಸಿಟ್ಟು ಬಂದರೆ ಸಿಟ್ಟನ್ನೂ ಹೇಳಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದನ್ನು ಬೈಬಲಿನಿಂದ ಯಾರೂ ಕಿತ್ತುಹಾಕಿಲ್ಲ.

ಒಬ್ಬರೇ ಎಲ್ಲ ಹೊರಬೇಡಿ. ಡಯಾಲಿಸಿಸ್ ದಿನ ಅಮ್ಮನ ಜೊತೆ ಕೂರಲು ಸಭೆಯಲ್ಲಿ ಯಾರನ್ನಾದರೂ ಕೇಳಿ. ಉಪವಾಸ ಮಾಡುವವರು ಅಷ್ಟು ಜನ ಇದ್ದಾರಲ್ಲ, ಸರದಿ ಪ್ರಕಾರ ಬರಲಿ. ಆ ವಿಶ್ವಾಸಿ ಮತ್ತೆ ಬಂದು ನಂಬಿಕೆ ಸಾಲದು ಅಂದರೆ ವಾದ ಮಾಡಬೇಡಿ. 2 ತಿಮೊಥೆಯ 4:20 ತೆಗೆದು ಓದಲು ಕೊಡಿ. ಎಷ್ಟೋ ರೋಗಿಗಳನ್ನು ವಾಸಿ ಮಾಡಿದ ಪೌಲ, ತನ್ನ ಜೊತೆಗಾರ ತ್ರೊಫಿಮ ಅಸ್ವಸ್ಥನಾಗಿದ್ದ, ಅವನನ್ನು ಮಿಲೇತ ಊರಿನಲ್ಲಿ ಬಿಟ್ಟುಬಂದೆ ಅಂತ ಬರೆದಿದ್ದಾನೆ. ಅಲ್ಲಿ ಯಾರ ನಂಬಿಕೆ ಕಡಿಮೆಯಿತ್ತು ಅಂತ ಅವರೇ ಹೇಳಲಿ.