ಕಿಂಥುಪ್ ಕಥೆಯ ಕೊನೆಯನ್ನು ಬದಲಾಯಿಸಬಹುದೇ?

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ಬ್ರಿಟಿಷರ ಸರ್ವೆ ಕೆಲಸಕ್ಕೆ ಗುಟ್ಟಾಗಿ ಟಿಬೆಟ್ಟಿಗೆ ಹೋದ ಕಿಂಥುಪ್‌ನ ಕಥೆ ಹೋದ ಸಂಚಿಕೆಯಲ್ಲಿ ಬಂದಿತ್ತಲ್ಲ, ಅದನ್ನು ನಾವು ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಮಾಡುತ್ತಿದ್ದೇವೆ. ತಾಲೀಮು ಶುರುವಾಗಿದೆ. ಆದರೆ ಅವನು ನದಿಗೆ ಎಸೆದ 500 ದಿಮ್ಮಿಗಳನ್ನು ಯಾರೂ ನೋಡಲಿಲ್ಲ ಅನ್ನೋದು ನಮಗೆ ಇಷ್ಟವಾಗಲಿಲ್ಲ. ಅಷ್ಟು ಕಷ್ಟಪಟ್ಟಿದ್ದೆಲ್ಲ ವ್ಯರ್ಥ ಆಯ್ತು ಅಲ್ವಾ? ಅಸ್ಸಾಮಿನಲ್ಲಿ ಸಾಹೇಬರು ದಿಮ್ಮಿ ನೋಡಿ ಕುಣಿಯುವ ಹಾಗೆ ಕೊನೆಯನ್ನು ಬದಲಾಯಿಸಬಹುದಾ? ಇನ್ನೊಂದು ಪ್ರಶ್ನೆ. ಜೀತದಿಂದ ತಪ್ಪಿಸಿಕೊಂಡ ಮೇಲೆ ಅವನು ಸೀದಾ ಮನೆಗೆ ಯಾಕೆ ಹೋಗಲಿಲ್ಲ?"
ಎಂಟನೇ ತರಗತಿಯ ವಿದ್ಯಾರ್ಥಿನಿ, ಶಿರಸಿ

ಸಂಪಾದಕರ ಉತ್ತರ:

ಪ್ರೀತಿಯ ಗೆಳತಿ,

ತಾಲೀಮು ಶುರುವಾಗಿದೆ ಎಂದಿದ್ದೀಯ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಕೊನೆಯನ್ನು ಬದಲಾಯಿಸಬೇಡಿ. ದಿಮ್ಮಿಗಳು ವ್ಯರ್ಥವಾದದ್ದು ನಿಜ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹೋದ ಸಂಚಿಕೆಯಲ್ಲಿ ಜಾಗ ಸಾಲದೆ ಬಿಟ್ಟ ಭಾಗವೊಂದಿದೆ. ನಿಮ್ಮ ಕೊನೆಯ ದೃಶ್ಯ ಅದರಲ್ಲೇ ಸಿಗುತ್ತದೆ.

ದಿಮ್ಮಿ ಎಸೆಯುವುದು ಯಾಕೆ ಎನ್ನುವುದು ನಾಟಕ ನೋಡುವವರಿಗೆ ಮೊದಲು ತಿಳಿಯಬೇಕು. ಟಿಬೆಟ್ಟಿನಲ್ಲಿ ಸಾಂಗ್‌ಪೋ ಎಂಬ ದೊಡ್ಡ ನದಿ ಪೂರ್ವಕ್ಕೆ ಹರಿಯುತ್ತದೆ. ಹಿಮಾಲಯದ ಪೂರ್ವದ ತುದಿಯಲ್ಲಿ ನಮ್ಚಾ ಬರ್ವಾ ಎಂಬ ಪರ್ವತವಿದೆ. ಎತ್ತರ 7,782 ಮೀಟರ್. ನದಿ ಅದನ್ನು ಸುತ್ತಿ ತಿರುಗಿ, ಆಳವಾದ ಕಮರಿಯೊಳಗೆ ಮರೆಯಾಗುತ್ತದೆ. ಈ ಕಡೆ ಅಸ್ಸಾಮಿಗೆ ಬೆಟ್ಟಗಳ ನಡುವಿನಿಂದ ದಿಹಾಂಗ್ ನದಿ ಇಳಿದು ಬಂದು ಬ್ರಹ್ಮಪುತ್ರವಾಗುತ್ತದೆ. ಎರಡೂ ಒಂದೇ ನದಿಯಾ? ಸಾಂಗ್‌ಪೋ ಹೋಗಿ ಸೇರುವುದು ಬರ್ಮಾದ ಐರಾವತಿಯನ್ನು ಎಂದು ವಾದಿಸುವವರೂ ಆಗ ಇದ್ದರು. ಹೋಗಿ ನೋಡೋಣ ಎಂದರೆ ಟಿಬೆಟ್ ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಬ್ರಿಟಿಷರ ಸರ್ವೆ ಇಲಾಖೆ ಹಿಮಾಲಯದ ಕಡೆಯ ಜನರನ್ನೇ ಯಾತ್ರಿಕರ ವೇಷದಲ್ಲಿ ಗುಟ್ಟಾಗಿ ಕಳಿಸುತ್ತಿತ್ತು. ನಕ್ಷೆ ಬೇಕಾಗಿದ್ದದ್ದು ಬ್ರಿಟಿಷರಿಗೆ. ಪ್ರಾಣ ಒತ್ತೆ ಇಟ್ಟವರು ಇವರು. ಈ ಮಾತನ್ನು ನಾಟಕದಲ್ಲಿ ಯಾರ ಬಾಯಲ್ಲಾದರೂ ಹೇಳಿಸಿ.

ಇವರಲ್ಲಿ ಜಾಸ್ತಿ ಹೆಸರಾದವನು ಕುಮಾವೂಂ ಕಡೆಯ ನೈನ್ ಸಿಂಗ್ ರಾವತ್. ಅವನ ಜಪಮಾಲೆಯಲ್ಲಿ 108ರ ಬದಲು 100 ಮಣಿ. ನೂರು ಹೆಜ್ಜೆಗೆ ಒಂದು ಮಣಿ ಸರಿಸುತ್ತಾ ದೂರ ಅಳೆಯುತ್ತಿದ್ದ. ಬರೆದ ಚೀಟಿಗಳನ್ನು ಕೈಯಲ್ಲಿ ತಿರುಗಿಸುವ ಪ್ರಾರ್ಥನಾ ಚಕ್ರದೊಳಗೆ ಅಡಗಿಸುತ್ತಿದ್ದ. 1866ರಲ್ಲಿ ಟಿಬೆಟ್ಟಿನ ರಾಜಧಾನಿ ಲಾಸಾ ಮುಟ್ಟಿದ. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕ ಕೊಟ್ಟಿತು. ನೈನ್ ಸಿಂಗ್ ಮೊದಲು ಶಾಲಾ ಮೇಷ್ಟ್ರಾಗಿದ್ದವನು. ಸಿಕ್ಕಿಮ್ಮಿನ ಕಿಂಥುಪ್‌ಗೆ ಓದಲು, ಬರೆಯಲು ಬರುತ್ತಿರಲಿಲ್ಲ. ಮುಂದಿನದಕ್ಕೆಲ್ಲ ಇದೇ ಮುಖ್ಯ, ನೆನಪಿಡು.

1880ರಲ್ಲಿ ಸರ್ವೆ ಇಲಾಖೆಯ ಕ್ಯಾಪ್ಟನ್ ಹಾರ್ಮನ್ ಒಬ್ಬ ಲಾಮಾನನ್ನು ಸಾಂಗ್‌ಪೋ ಕಡೆ ಕಳಿಸಿದ. ಕಿಂಥುಪ್ ಅವನ ಜೊತೆಗಾರ. ಗುರುತು ಹಾಕಿದ ದಿಮ್ಮಿಗಳನ್ನು ದಿನಕ್ಕೆ 50ರಂತೆ ನದಿಗೆ ಬಿಡಬೇಕು, ಅವು ಅಸ್ಸಾಮಿನಲ್ಲಿ ತೇಲಿಬಂದರೆ ಎರಡೂ ಒಂದೇ ನದಿ ಎಂದು ತಿಳಿಯುತ್ತದೆ. ಇದು ಯೋಜನೆ. ದಾರಿಯಲ್ಲಿ ಲಾಮಾ ಕಿಂಥುಪ್‌ನನ್ನು ಅಲ್ಲಿನ ಅಧಿಕಾರಿಯೊಬ್ಬನಿಗೆ ಜೀತಕ್ಕೆ ಮಾರಿ, ಸರ್ಕಾರಿ ಸಾಮಾನುಗಳ ಸಮೇತ ಪರಾರಿಯಾದ.

ಈಗ ನಿನ್ನ ಎರಡನೇ ಪ್ರಶ್ನೆ. ಕಿಂಥುಪ್ ತಪ್ಪಿಸಿಕೊಂಡ. ಮನೆಯ ದಾರಿ ಹಿಡಿಯಬಹುದಿತ್ತು. ಅವನು ಸಾಂಗ್‌ಪೋ ಹಿಡಿದು ಕೆಳಗಿಳಿದ. ಹುಡುಕಿಕೊಂಡು ಆಳುಗಳು ಬಂದಾಗ ಮಾರ್ಪುಂಗ್ ಎಂಬಲ್ಲಿನ ಬೌದ್ಧ ಮಠದ ಹಿರಿಯನ ಕಾಲಿಗೆ ಬಿದ್ದ. ಆ ಹಿರಿಯ 50 ರೂಪಾಯಿ ಕೊಟ್ಟು ಅವನನ್ನು ಬಿಡಿಸಿಕೊಂಡ. ಅಂದರೆ ಈಗ ಮಠದ ಆಳು. ಕೆಲವು ತಿಂಗಳು ದುಡಿದು, ಯಾತ್ರೆಗೆ ಹೋಗಿಬರುತ್ತೇನೆ ಎಂದು ರಜೆ ಕೇಳಿದ. ಆ ರಜೆಯಲ್ಲಿ 500 ದಿಮ್ಮಿ ಕಡಿದು, ಒಂದು ಗುಹೆಯಲ್ಲಿ ಬಚ್ಚಿಟ್ಟು, ಮಠಕ್ಕೆ ವಾಪಸ್ ಬಂದ! ಮತ್ತೆ ರಜೆ ಕೇಳಿ ಲಾಸಾಕ್ಕೆ ನಡೆದ. ಅಲ್ಲಿ ಸಿಕ್ಕಿಮ್ಮಿನವರೊಬ್ಬರ ಕೈಯಲ್ಲಿ ಕಾಗದ ಬರೆಸಿದ. ಲಾಮಾ ನನ್ನನ್ನು ಮಾರಿ ಓಡಿಹೋದ, ಆದರೂ ಹಾರ್ಮನ್ ಸಾಹೇಬರು ಹೇಳಿದಂತೆ ದಿಮ್ಮಿ ಸಿದ್ಧವಾಗಿವೆ, ಇಂಥ ತಿಂಗಳ ಇಂಥ ದಿನದಿಂದ ನದಿಗೆ ಬಿಡುತ್ತೇನೆ ಎಂದು. ಮತ್ತೆ ಮಠ, ಮತ್ತೆ ಒಂಬತ್ತು ತಿಂಗಳ ದುಡಿಮೆ. ಕೊನೆಗೆ ಮಠದ ಹಿರಿಯನೇ ಅವನನ್ನು ಬಿಡುಗಡೆ ಮಾಡಿದ. ಹೇಳಿದ ದಿನಕ್ಕೆ ಕಿಂಥುಪ್ ದಿಮ್ಮಿಗಳನ್ನು ಬಿಟ್ಟ.

ಮನೆಗೆ ಯಾಕೆ ಹೋಗಲಿಲ್ಲ ಎಂದರೆ, ಒಪ್ಪಿಕೊಂಡ ಕೆಲಸ ಇನ್ನೂ ಬಾಕಿ ಇತ್ತು. ಆ ಕಾಗದದ ಧಾಟಿ ನೋಡಿದರೆ ನನಗೆ ಬೇರೆ ಉತ್ತರ ಕಾಣುವುದಿಲ್ಲ. ಅದರಲ್ಲಿ ಸಂಬಳದ ಮಾತಿಲ್ಲ, ನನ್ನನ್ನು ಬಿಡಿಸಿ ಎಂಬ ಮೊರೆಯೂ ಇಲ್ಲ.

ಕಾಗದ ಸಮಯಕ್ಕೆ ತಲುಪಲಿಲ್ಲ. ಹಾರ್ಮನ್ ಅಷ್ಟರಲ್ಲಿ ಭಾರತವನ್ನೇ ಬಿಟ್ಟು ಹೋಗಿದ್ದ. ಕಿಂಥುಪ್ ನದಿಯ ಜೊತೆಗೇ ಅಸ್ಸಾಮಿಗೆ ಇಳಿಯಲು ನೋಡಿದ, ಆಗಲಿಲ್ಲ. ಲಾಸಾ ಸುತ್ತಿಕೊಂಡು 1884ರಲ್ಲಿ ಡಾರ್ಜಿಲಿಂಗ್ ಸೇರಿದ.

ನಾವು ಬಿಟ್ಟ ಭಾಗ ಇಲ್ಲಿಂದ. ಕಿಂಥುಪ್ ತಾನು ಕಂಡದ್ದನ್ನೆಲ್ಲ ನೆನಪಿನಿಂದ ಹೇಳಿದ. ಯಾವ ಹಳ್ಳಿಯಾದ ಮೇಲೆ ಯಾವ ಹಳ್ಳಿ, ನದಿ ಎಲ್ಲಿ ತಿರುಗುತ್ತದೆ, ಎಲ್ಲಿ ಧುಮುಕುತ್ತದೆ, ಎಲ್ಲ. ಬೇರೆಯವರು ಬರೆದುಕೊಂಡರು. ಬಹಳ ಜನ ನಂಬಲಿಲ್ಲ. ಓದು ಬಾರದವನ ನೆನಪು, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಅವನು ಡಾರ್ಜಿಲಿಂಗಿನಲ್ಲಿ ಬಟ್ಟೆ ಹೊಲಿದುಕೊಂಡು ಬದುಕಿದ. ನನಗೆ ದಿಮ್ಮಿಗಳಿಗಿಂತ ಇದೇ ಹೆಚ್ಚು ಹೊಟ್ಟೆ ಉರಿಸುವ ವಿಷಯ.

1913ರಲ್ಲಿ ಬೇಯ್ಲಿ ಮತ್ತು ಮೋರ್ಸ್‌ಹೆಡ್ ಎಂಬ ಇಬ್ಬರು ಅಧಿಕಾರಿಗಳು ಆ ಕಮರಿಗೆ ನಡೆದು ಹೋದರು. ಕಿಂಥುಪ್ ಹೇಳಿದ್ದ ಹಳ್ಳಿಗಳು, ತಿರುವುಗಳು ಅವರಿಗೆ ಸಿಗುತ್ತಾ ಹೋದವು. ಸಾಂಗ್‌ಪೋ ಮತ್ತು ದಿಹಾಂಗ್ ಒಂದೇ ಎಂಬುದೂ ಖಚಿತವಾಯಿತು. ಒಂದು ಮಾತ್ರ ಹೊಂದಲಿಲ್ಲ. ಪೆಮಕೋಚುಂಗ್ ಎಂಬಲ್ಲಿ ಸಾಂಗ್‌ಪೋ 150 ಅಡಿ ಧುಮುಕುತ್ತದೆ ಎಂದು ವರದಿಯಲ್ಲಿತ್ತು. ಅಲ್ಲಿದ್ದದ್ದು ಸುಮಾರು 30 ಅಡಿಯ ಅಬ್ಬಿ. ಹಾಗಾದರೆ ಕಿಂಥುಪ್ ಸುಳ್ಳು ಹೇಳಿದನಾ?

ಬೇಯ್ಲಿ ಸುಮ್ನೆ ಬಿಡಲಿಲ್ಲ. ಕಿಂಥುಪ್‌ನನ್ನು ಹುಡುಕಿಸಿ ಸಿಮ್ಲಾಕ್ಕೆ ಕರೆಸಿ ಕೇಳಿದ. ಮುದುಕನಾಗಿದ್ದ ಕಿಂಥುಪ್ ವಿವರಿಸಿದ. 150 ಅಡಿಯದು ಗ್ಯಾಲಾ ಎಂಬಲ್ಲಿ ಪಕ್ಕದ ಸಣ್ಣ ಹೊಳೆಯ ಅಬ್ಬಿ, ಪೆಮಕೋಚುಂಗಿನದು ಸಣ್ಣದು ಎಂದೇ ತಾನು ಹೇಳಿದ್ದು. ಬರೆದುಕೊಂಡವರು ಎರಡನ್ನೂ ಕಲಸಿಬಿಟ್ಟಿದ್ದರು. ಮೂವತ್ತು ವರ್ಷದ ಹಿಂದಿನ ನೆನಪು ಸರಿಯಾಗಿತ್ತು. ತಪ್ಪಿದ್ದದ್ದು ಕಾಗದ. ಸರ್ಕಾರ ಅವನಿಗೆ ಸಾವಿರ ರೂಪಾಯಿ ಬಹುಮಾನ ಕೊಟ್ಟಿತು. ಅದಾಗಿ ಸ್ವಲ್ಪ ಕಾಲದಲ್ಲೇ ಅವನು ತೀರಿಕೊಂಡ.

ನಿಮ್ಮ ಕೊನೆಯ ದೃಶ್ಯ ಈ ಸಿಮ್ಲಾದ ಮಾತುಕತೆಯಾಗಲಿ. ಸಾಹೇಬರು ಕುಣಿಯುವುದು ಬೇಡ. ಬೇಯ್ಲಿ ಒಂದೊಂದೇ ಪ್ರಶ್ನೆ ಕೇಳಲಿ, ಕಿಂಥುಪ್ ಒಂದೊಂದಕ್ಕೂ ಉತ್ತರ ಹೇಳಲಿ. ಕಿಂಥುಪ್ ಪಾತ್ರಕ್ಕೆ ಊರುಗಳ ಹೆಸರನ್ನು ತಡವರಿಸದೆ ಹೇಳುವವರನ್ನೇ ಆರಿಸಿ. ಮತ್ತೆ, ಮಾರ್ಪುಂಗಿನ ಹಿರಿಯನನ್ನು ದಯವಿಟ್ಟು ಕೆಟ್ಟವನನ್ನಾಗಿ ಮಾಡಬೇಡಿ. ಆಳಾಗಿ ದುಡಿಸಿಕೊಂಡ, ನಿಜ. ಆದರೆ ಕೇಳಿದಾಗೆಲ್ಲ ರಜೆ ಕೊಟ್ಟವನೂ ಕೊನೆಗೆ ಬಿಟ್ಟುಕೊಟ್ಟವನೂ ಅವನೇ. ನಾಟಕದ ಬರಹ ಸಿದ್ಧವಾದರೆ ಕಳಿಸು, ಓದಿ ಬರೆಯುತ್ತೇನೆ.