ಓದುಗರ ಪ್ರಶ್ನೆ: ಸ್ಟಾರ್ ಟ್ರೆಕ್ ಯಾವ ಇಸವಿಯ ಕಥೆ?

ಪ್ರಶ್ನೆ: 1966ರ ಹಳೆಯ ‘ಸ್ಟಾರ್ ಟ್ರೆಕ್’ ಸೀರಿಯಲ್, ಅದೇ ಅಮೆರಿಕದ ಬಾಹ್ಯಾಕಾಶ ಹಡಗಿನ ಕಥೆ, ನೋಡುತ್ತಿದ್ದೇನೆ. ಒಂದು ಕಂತಿನಲ್ಲಿ ಕಥೆ ಇನ್ನೂರು ವರ್ಷ ಮುಂದಿನದು ಅನ್ನಿಸುತ್ತದೆ, ಇನ್ನೊಂದರಲ್ಲಿ ಒಂಬೈನೂರು ವರ್ಷ. ಬರೆದವರು ಲೆಕ್ಕವನ್ನೇ ಹಾಕಿರಲಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಸವಿ ಹೇಳಬಾರದು ಅನ್ನುವುದೇ ಅವರ ಲೆಕ್ಕವಾಗಿತ್ತು. ಸೀರಿಯಲ್ ಹುಟ್ಟುಹಾಕಿದ ಜೀನ್ ರಾಡನ್‌ಬೆರಿ ಬರಹಗಾರರಿಗೆಂದು ಒಂದು ಕೈಪಿಡಿ ಮಾಡಿಸಿದ್ದರು. ಕಥೆ ಸುಮಾರು ಇನ್ನೂರು ವರ್ಷ ಮುಂದಿನದು, ಆದರೆ ಅದನ್ನು ಪದೇಪದೇ ಹೇಳಲು ಹೋದರೆ ಅಷ್ಟರೊಳಗೆ ಇಂಥದ್ದೆಲ್ಲ ಬಂದಿರುತ್ತದೋ ಇಲ್ಲವೋ ಅಂತ ವಾದ ಶುರುವಾಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ‘ಸ್ಟಾರ್‌ಡೇಟ್’ ಅನ್ನುವ ಕಥೆಯೊಳಗಿನ ತಾರೀಕು ಹುಟ್ಟಿದ್ದೇ ಅದಕ್ಕೆ. ನಾಲ್ಕು ಅಂಕಿ, ಒಂದು ಚುಕ್ಕಿ, ಮುಂದೆ ಇನ್ನೊಂದು ಅಂಕಿ, ನಿಮಗೆ ತೋಚಿದ್ದು ಹಾಕಿಕೊಳ್ಳಿ ಅಂತ ಬಿಟ್ಟುಬಿಟ್ಟರು. 1313.5 ಒಂದು ದಿನದ ಮಧ್ಯಾಹ್ನವಾದರೆ 1314.5 ಮರುದಿನದ ಮಧ್ಯಾಹ್ನ. ಅಷ್ಟೇ.

ಇದು ಜಾಣ ನಿರ್ಧಾರ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ವಾರಕ್ಕೊಂದು ಕಂತು, ಒಂದೊಂದಕ್ಕೂ ಬೇರೆ ಬರಹಗಾರರು. ಎಲ್ಲರನ್ನೂ ಒಂದೇ ಕ್ಯಾಲೆಂಡರಿಗೆ ಕಟ್ಟಿಹಾಕಿದ್ದರೆ ಕಥೆಗಳು ಅಷ್ಟು ಧೈರ್ಯವಾಗಿ ಬರುತ್ತಿರಲಿಲ್ಲ.

ಆದರೆ ಪಾತ್ರಗಳು ಬಾಯಿ ಬಿಡಲೇಬೇಕಲ್ಲ, ಎಡವಟ್ಟಾಗಿದ್ದು ಅಲ್ಲಿ. 1967ರ ಜನವರಿಯ ‘ದಿ ಸ್ಕ್ವೈರ್ ಆಫ್ ಗಾಥೋಸ್’ ನೋಡಿ. ಟ್ರೆಲೇನ್ ಅನ್ನುವ ಅನ್ಯಗ್ರಹ ಜೀವಿ ಭೂಮಿಯಿಂದ ಒಂಬೈನೂರು ಜ್ಯೋತಿರ್ವರ್ಷ ದೂರ ಕೂತು ನೆಪೋಲಿಯನ್ ಕಾಲವನ್ನು ಕಂಡು ಮರುಳಾಗಿದ್ದಾನೆ. ಬೆಳಕು ಅಲ್ಲಿಗೆ ತಲುಪಲು ಒಂಬೈನೂರು ವರ್ಷ ಬೇಕು, ಅಂದರೆ ಕಥೆ 2700ರ ಆಸುಪಾಸಿನದು! ಎರಡೇ ವಾರಕ್ಕೆ ‘ಟುಮಾರೋ ಈಸ್ ಯೆಸ್ಟರ್‌ಡೇ’ ಬಂತು. ಅದರಲ್ಲಿ ಹಡಗು ಹಿಂದಿನ ಕಾಲಕ್ಕೆ ಬಂದುಬಿಡುತ್ತದೆ, 1960ರ ದಶಕದ ಸೇನಾಧಿಕಾರಿಯೊಬ್ಬ ಹಡಗಿನ ಕ್ಯಾಪ್ಟನ್ ಕರ್ಕ್‌ಗೆ ‘ನಿನ್ನನ್ನು ಇನ್ನೂರು ವರ್ಷ ಒಳಗೆ ಹಾಕುತ್ತೇನೆ’ ಅನ್ನುತ್ತಾನೆ, ಕರ್ಕ್ ಅದು ಸರಿಹೋಗುತ್ತದೆ ಅನ್ನುತ್ತಾನೆ. ಫೆಬ್ರವರಿಯ ‘ಸ್ಪೇಸ್ ಸೀಡ್’ನಲ್ಲಿ 1990ರ ದಶಕದ ಮಹಾಯುದ್ಧದಲ್ಲಿ ಸೋತು 1996ರಲ್ಲಿ ಭೂಮಿ ಬಿಟ್ಟ ಸರ್ವಾಧಿಕಾರಿ ಖಾನ್ ಎರಡು ಶತಮಾನ ಮಲಗಿ ಎದ್ದಿದ್ದಾನೆ. ಆ ಲೆಕ್ಕಕ್ಕೆ 2190ರ ದಶಕ.

ಖಾನ್ ವಿಷಯದಲ್ಲಿ ಮಾತ್ರ ನನಗೆ ಬೇಜಾರಿದೆ. ಇಸವಿ ಮುಚ್ಚಿಡಬೇಕು ಅನ್ನುವ ನಿಯಮವನ್ನು ಅಷ್ಟು ಜತನದಿಂದ ಮಾಡಿಕೊಂಡವರು 1990ರ ದಶಕದಲ್ಲಿ ಮಹಾಯುದ್ಧ ಆಗುತ್ತದೆ ಅಂತ ನೇರವಾಗಿ ಹೇಳಿಬಿಟ್ಟರು, ಅದೂ ಬರೀ ಮೂವತ್ತು ವರ್ಷ ಮುಂದಕ್ಕೆ. ಆಗ ನೋಡಿದ ಮಕ್ಕಳೇ ದೊಡ್ಡವರಾಗಿ ಆ ದಶಕವನ್ನು ದಾಟಿದರು, ಅಂಥ ಯುದ್ಧ ಆಗಲಿಲ್ಲ. ಕೊನೆಗೆ 2023ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸರಣಿಯ ಒಂದು ಕಂತಿನಲ್ಲಿ, ಕಾಲದೊಳಗೆ ಓಡಾಡುವವರು ಕೈಯಾಡಿಸಿದ್ದರಿಂದ ಖಾನ್ ಕಥೆ ಮುಂದಕ್ಕೆ ಹೋಯಿತು ಅಂತ ತೇಪೆ ಹಾಕಬೇಕಾಯಿತು.

ಇಸವಿ ಗಟ್ಟಿಯಾಗಿದ್ದು ನಿಧಾನಕ್ಕೆ. 1982ರ ಖಾನ್ ಸಿನಿಮಾ ಶುರುವಿನಲ್ಲೇ ‘23ನೇ ಶತಮಾನ’ ಅಂತ ತೋರಿಸಿತು. ಮುಂದಿನ ಸರಣಿ ‘ದಿ ನೆಕ್ಸ್ಟ್ ಜನರೇಷನ್’ನ 1988ರ ಒಂದು ಕಂತು ತನ್ನ ಇಸವಿ 2364 ಅಂತ ಹೇಳಿತು. 1993ರಲ್ಲಿ ಮೈಕೆಲ್ ಮತ್ತು ಡೆನಿಸ್ ಒಕುಡಾ ಕಾಲಾನುಕ್ರಮದ ಪುಸ್ತಕ ತಂದಾಗ, ಹಳೆಯ ಕಂತುಗಳ ಪ್ರಸಾರದ ವರ್ಷಕ್ಕೆ ಮುನ್ನೂರು ಕೂಡಿಸಿದರು. ಹಾಗಾಗಿ ನೀವು ನೋಡುತ್ತಿರುವುದು 2260ರ ದಶಕದ ಕಥೆ.

ಪ್ರಶ್ನೆ: ಮೊದಲ ಕಂತುಗಳಲ್ಲಿ ‘ಫೆಡರೇಷನ್’ (ಗ್ರಹಗಳ ಒಕ್ಕೂಟ) ಹೆಸರೇ ಬರುವುದಿಲ್ಲ, ಯಾಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಅದನ್ನು ಇನ್ನೂ ಯೋಚಿಸಿರಲೇ ಇಲ್ಲ. ಮೊದಮೊದಲು ಹಡಗು ಭೂಮಿಯದ್ದು ಅಂತಲೇ ಮಾತು. ಕರ್ಕ್ ಒಮ್ಮೆ ತಾನು ‘ಯುನೈಟೆಡ್ ಅರ್ತ್ ಸ್ಪೇಸ್ ಪ್ರೋಬ್ ಏಜೆನ್ಸಿ’ಯವನು ಅನ್ನುತ್ತಾನೆ. ‘ಯುನೈಟೆಡ್ ಫೆಡರೇಷನ್ ಆಫ್ ಪ್ಲಾನೆಟ್ಸ್’ ಅನ್ನುವ ಪೂರ್ತಿ ಹೆಸರು ಬಂದಿದ್ದು 1967ರ ಫೆಬ್ರವರಿಯಲ್ಲಿ, ಮೊದಲ ಸೀಸನ್ ಮುಗಿಯುವ ಹೊತ್ತಿಗೆ. ನಡುವೆ ನಿರ್ಮಾಪಕರಾಗಿ ಸೇರಿದ ಜೀನ್ ಕೂನ್ ಅವರಿಗೆ ಇದರ ಶ್ರೇಯ ಜಾಸ್ತಿ ಸಲ್ಲಬೇಕು. ಕ್ಲಿಂಗಾನ್‌ಗಳೆಂಬ ಶತ್ರು ಜನಾಂಗವನ್ನು ತಂದವರೂ ಅವರೇ. ಆದರೂ ಹೊಗಳಿಕೆ ಬಹುಪಾಲು ರಾಡನ್‌ಬೆರಿಗೇ ಹೋಗುತ್ತದೆ, ಇದು ನ್ಯಾಯವಲ್ಲ.

ಪ್ರಶ್ನೆ: ಯಾವ ಕಂತಿನಿಂದ ಶುರು ಮಾಡಲಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ‘ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್’ನಿಂದ. ಪ್ರಸಾರದಲ್ಲಿ ಅದು ಮೂರನೆಯದು, ಆದರೆ ಚಿತ್ರೀಕರಣವಾಗಿದ್ದು 1965ರಲ್ಲಿ, ಉಳಿದ ಕಂತುಗಳಿಗಿಂತ ಮೊದಲೇ. ಅಲ್ಲಿ ಸಮಾಧಿಕಲ್ಲಿನ ಮೇಲೆ ಕರ್ಕ್ ಹೆಸರು ‘ಜೇಮ್ಸ್ ಆರ್. ಕರ್ಕ್’ ಅಂತಿದೆ. ‘ಜೇಮ್ಸ್ ಟಿ. ಕರ್ಕ್’ ಅನ್ನುವಲ್ಲಿನ ‘ಟಿ’ ಬಂದಿದ್ದು ಆಮೇಲೆ.