ಆ ‘ಒಂದು ಭಾಗ’ ಬಚ್ಚಿಟ್ಟಿದ್ದಕ್ಕೆ ನನಗೆ ಎಂಟು ತಿಂಗಳು ಹೋಯಿತು

“ಅಪಘಾತದ ಬಗ್ಗೆ ಒಂದು ಭಾಗ ಬಿಟ್ಟು ಮಿಕ್ಕಿದ್ದೆಲ್ಲ ಹೇಳಬಲ್ಲೆ. ಇಎಂಡಿಆರ್‌ನಲ್ಲಿ ಹೇಗೂ ವಿವರ ಹೇಳಬೇಕಾಗಿಲ್ಲವಂತೆ. ಮೂರು ನಾಲ್ಕು ಸಿಟ್ಟಿಂಗ್‌ನಲ್ಲಿ ಮರೆತುಹೋಗುತ್ತಾ?” ಅಂತ ಕೇಳಿದ್ದೀರಿ. (ಇಎಂಡಿಆರ್ ಅಂದರೆ ಕೆಟ್ಟ ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಥೆರಪಿಸ್ಟ್ ಆಡಿಸುವ ಬೆರಳನ್ನು ಕಣ್ಣಿನಲ್ಲೇ ಹಿಂಬಾಲಿಸುವ ಚಿಕಿತ್ಸೆ.) ಓದಿ ಫೋನ್ ಪಕ್ಕಕ್ಕಿಟ್ಟು, ಒಂದು ಲೋಟ ನೀರು ಕುಡಿದು ಬಂದೆ. ನಾನೇ ಬರೆದ ಹಾಗಿತ್ತು.

2013. ಜಾಲಹಳ್ಳಿ ಕ್ರಾಸ್ ಹತ್ತಿರ ಚಿಕ್ಕಪ್ಪನ ಮನೆ. ಮಾರನೇ ದಿನ ಸತ್ಯನಾರಾಯಣ ಪೂಜೆ. ನಾನು, ಚಿಕ್ಕಪ್ಪನ ಮಗ ಇಬ್ಬರೂ ಬೈಕಿನಲ್ಲಿ ಯಶವಂತಪುರ ಮಾರ್ಕೆಟ್‌ಗೆ ಹೊರಟೆವು. ಗೊರಗುಂಟೆಪಾಳ್ಯದ ಹತ್ತಿರ ಮೆಟ್ರೊ ಕಂಬಗಳು ಎದ್ದಿದ್ದವು, ರೈಲು ಇನ್ನೂ ಓಡುತ್ತಿರಲಿಲ್ಲ. ಪಕ್ಕದಲ್ಲಿದ್ದ ಟ್ಯಾಂಕರ್ ನಮ್ಮ ಕಡೆಗೆ ಬಂತು. ಏರ್ ಬ್ರೇಕ್ ‘ಬುಸ್ಸ್’ ಅಂದಿದ್ದು ಕೇಳಿಸಿತು. ಆಮೇಲೆ ನೋಡಿದರೆ ನಾನು ರಸ್ತೆಯಲ್ಲಿ ಕೂತಿದ್ದೆ, ಮೊಣಕೈ ತರಚಿತ್ತು, ಅಷ್ಟೆ. ಅವನ ತಲೆಗೆ ಪೆಟ್ಟಾಗಿತ್ತು. ಬದುಕಿದ. ಆದರೆ ಮೂಗಿಗೆ ವಾಸನೆ ಗೊತ್ತಾಗೋದು ನಿಂತುಹೋಯಿತು, ಇವತ್ತಿಗೂ ಬಂದಿಲ್ಲ. ಒಲೆ ಮೇಲೆ ಹಾಲು ಸೀದರೆ ಅವನಿಗೆ ಹೊಗೆ ಕಂಡಮೇಲೇ ಗೊತ್ತಾಗೋದು.

ಏರ್ ಬ್ರೇಕ್ ಸದ್ದಿಗೆ ಬೆಚ್ಚುವವನು ಬೆಂಗಳೂರಿನಲ್ಲಿ ಹೇಗೆ ಬಾಳಬೇಕು ಹೇಳಿ! ಪ್ರತಿ ಬಸ್ ಸ್ಟಾಪಿನಲ್ಲೂ ಅದೇ ಸದ್ದು. ನನ್ನದು ಬೈಕಿನಲ್ಲಿ ಸುತ್ತುವ ಸೇಲ್ಸ್ ಕೆಲಸ. ಟ್ಯಾಂಕರ್ ಕಂಡರೆ ಗಾಡಿ ಸೈಡಿಗೆ ಹಾಕಿ ನಿಲ್ಲುತ್ತಿದ್ದೆ. ಮೆಟ್ರೊ ಬಂದ ಮೇಲೂ ಅಷ್ಟೆ. ಪೀಣ್ಯ ಬಿಟ್ಟ ಕೂಡಲೇ ಕಣ್ಣು ಮುಚ್ಚಿದರೆ ಯಶವಂತಪುರ ಬಂತು ಅಂತ ಮೈಕಿನಲ್ಲಿ ಹೇಳಿದಾಗಲೇ ಬಿಡೋದು. ನೋಡಿದವರು ನಿದ್ದೆ ಅಂದುಕೊಳ್ಳುತ್ತಿದ್ದರು.

2019ರಲ್ಲಿ ಇಎಂಡಿಆರ್ ಮಾಡುವ ಮಲ್ಲೇಶ್ವರದ ಒಬ್ಬ ಮೇಡಂ ಹತ್ತಿರ ಹೋದೆ. ಸುಮ್ನೆ ಬೆರಳು ಆಡಿಸ್ತಾರೆ, ನೋಡಿದರೆ ಆಯ್ತು ಅಂದುಕೊಂಡು ಹೋಗಿದ್ದೆ. ಮೊದಲ ಎರಡು ಸಿಟ್ಟಿಂಗ್ ಅವರು ಬೆರಳೇ ಎತ್ತಲಿಲ್ಲ! ನನ್ನ ಕಥೆ ಕೇಳಿದರು, ನಿದ್ದೆ, ಕುಡಿತ, ಮನೆ ಬಗ್ಗೆ ಕೇಳಿದರು. ಗಾಬರಿಯಾದಾಗ ಮನಸ್ಸಿನಲ್ಲಿ ಹೋಗಿ ಕೂರೋಕೆ ಒಂದು ಜಾಗ ಆರಿಸಿಕೊಳ್ಳಿ ಅಂದರು. ನಾನು ತಿಪಟೂರಿನ ಅಜ್ಜಿ ಮನೆ ಜಗಲಿ ಆರಿಸಿಕೊಂಡೆ, ಒಂದು ಮೂಲೆಯಲ್ಲಿ ಕೊಬ್ಬರಿ ರಾಶಿ. ದುಡ್ಡು ದಂಡ ಅನ್ನಿಸಿತ್ತು ಆಗ. ಆಮೇಲೆ ಎಷ್ಟು ಸಲ ಆ ಜಗಲಿಗೆ ಓಡಿದ್ದೇನೋ ಲೆಕ್ಕ ಇಲ್ಲ.

ಮೂರನೇ ಸಲ ಅವರು ನನ್ನ ಪಕ್ಕಕ್ಕೆ ಸ್ವಲ್ಪ ಓರೆಯಾಗಿ ಕುರ್ಚಿ ಎಳೆದುಕೊಂಡರು. ಅತಿ ಕೆಟ್ಟ ಚಿತ್ರ ಯಾವುದು, ಅದನ್ನು ನೋಡಿದಾಗ ನಿಮ್ಮ ಬಗ್ಗೆ ನಿಮಗೆ ಏನನ್ನಿಸುತ್ತೆ, ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಸಂಕಟ ಅಂತ ಕೇಳಿದರು. ನಾನು ಟ್ಯಾಂಕರ್ ಅಂದೆ. “ನಾನು ಸೇಫ್ ಅಲ್ಲ” ಅಂದೆ. ಎದೆ ಅಂದೆ, ಒಂಬತ್ತು ಅಂದೆ. ಎರಡು ಬೆರಳು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ಇಪ್ಪತ್ತು ಮೂವತ್ತು ಸಲ ಆಡಿಸಿ ನಿಲ್ಲಿಸುತ್ತಾರೆ. “ಏನು ಬಂತು?” “ಟೈರು.” “ಸರಿ, ಅದರ ಜೊತೆಗೇ ಹೋಗಿ.” ಇಷ್ಟೇ ಮಾತು. ನೀವು ಕೇಳಿದ್ದು ನಿಜ, ವಿವರ ಹೇಳಬೇಕಾಗಿಲ್ಲ.

ಒಂಬತ್ತು ಆರಾಯಿತು, ಆರು ಮೂರಾಯಿತು. ಮೂರಕ್ಕೆ ಬಂದು ನಿಂತಿತು. ಎಷ್ಟು ಸಲ ಬೆರಳು ಆಡಿಸಿದರೂ ಮೂರೇ.

ನನ್ನ ತಪ್ಪು ಇಲ್ಲಿದೆ. ಕೆಟ್ಟ ಚಿತ್ರ ಟ್ಯಾಂಕರ್‌ದು ಆಗಿರಲೇ ಇಲ್ಲ. ಅವತ್ತು ಮನೆಯಿಂದ ಹೊರಡುವಾಗ ಚಿಕ್ಕಪ್ಪನ ಮಗ ಚಪ್ಪಲಿ ಸ್ಟ್ಯಾಂಡ್ ಮೇಲಿನ ಮೊಳೆಯಿಂದ ಇನ್ನೊಂದು ಹೆಲ್ಮೆಟ್ ತೆಗೆದ. ನಾನು ಅಂದೆ, “ಇಲ್ಲೇ ಯಶವಂತಪುರ ಕಣೋ, ಅದನ್ಯಾಕೆ ಹೊರ್ತೀಯ, ಬರೋವಾಗ ಚೀಲ ಹಿಡ್ಕೋಬೇಕು.” ಅವನು ವಾಪಸ್ ನೇತುಹಾಕಿದ. ಆಗ ಹಿಂದೆ ಕೂತವರಿಗೆ ಇಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿರಲಿಲ್ಲ, ಮಾಡಿದ್ದು 2016ರಲ್ಲಿ. ಆ ಸುದ್ದಿ ಪೇಪರಿನಲ್ಲಿ ಓದಿ ನಾನು ಆಫೀಸಿನ ಬಾತ್‌ರೂಮಿನಲ್ಲಿ ಅರ್ಧ ಗಂಟೆ ಕೂತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಮೇಡಂಗೂ ಹೇಳಲಿಲ್ಲ. ಹೇಳದಿದ್ದರೆ ಪರವಾಗಿಲ್ಲ, ಬೆರಳು ನೋಡುವಾಗ ತಾನಾಗೇ ಅದೂ ಹೋಗುತ್ತೆ ಅಂತ ನನ್ನ ಲೆಕ್ಕಾಚಾರ. ಒಂದೆರಡು ಸಲ ಆ ಮೊಳೆ ಕಣ್ಣ ಮುಂದೆ ಬಂತು ಕೂಡ. “ಏನು ಬಂತು?” ಅಂದಾಗ “ಏನಿಲ್ಲ, ರಸ್ತೆ” ಅಂದುಬಿಟ್ಟೆ. ಆಗ “ಬೇರೆ ಏನೋ ಬಂತು, ಈಗ ಹೇಳಲ್ಲ” ಅಂದಿದ್ದರೂ ಸಾಕಿತ್ತು. ಅವರು ಅದರ ಜೊತೆ ಹೋಗಿಸುತ್ತಿದ್ದರು. ವಿವರ ಹೇಳದೆ ಇರೋದು ಬೇರೆ, ಬಂದದ್ದನ್ನು ಬರಲಿಲ್ಲ ಅನ್ನೋದು ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡೆ. ನೀವೂ ಹಾಗೇ ಅಂದುಕೊಳ್ಳುತ್ತಿದ್ದೀರಿ ಅಂತ ಭಯ.

ನಂಬರ್ ಯಾಕೆ ಇಳೀತಿಲ್ಲ, ಇದರ ಕೆಳಗೆ ಇನ್ನೇನಾದರೂ ಇದೆಯಾ ಅಂತ ಅವರು ಕೇಳಿದರು. ನೇರವಾಗಿಯೇ ಕೇಳಿದರು. ನಾನು ನಕ್ಕು, “ಈಗ ಸೊನ್ನೆ ಆಯ್ತು ಮೇಡಂ” ಅಂದೆ. ಮುಂದಿನ ವಾರದಿಂದ ಹೋಗಲಿಲ್ಲ.

ಎಂಟು ತಿಂಗಳು ಏನೂ ಆಗಲಿಲ್ಲ ಅಂತಲ್ಲ. ಟ್ಯಾಂಕರ್ ನೋಡಬಲ್ಲವನಾಗಿದ್ದೆ. ಆದರೆ ಯಾರ ಮನೆ ಗೋಡೆಯಲ್ಲಿ ಹೆಲ್ಮೆಟ್ ನೇತಾಡುತ್ತಿದ್ದರೂ ಬೆವರು. ಗಿರಾಕಿಗಳ ಮನೆಗೆ ಹೋಗೋದೇ ಕೆಲಸ. ಕೊನೆಗೆ ಕೆಲಸ ಬಿಟ್ಟೆ.

ತಿರುಗಿ ಹೋದಾಗ ಮೇಡಂ ಬೈಯಲಿಲ್ಲ. ಹಳೆ ಫೈಲ್ ತೆಗೆದು, ಹೊಸ ಹಾಳೆಯಲ್ಲಿ ‘ಮೊಳೆ’ ಅಂತ ಬರೆದುಕೊಂಡರು. ನಿಮ್ಮ ಬಗ್ಗೆ ಏನನ್ನಿಸುತ್ತೆ ಅಂದರು. “ತಪ್ಪು ನಂದೇ.” ಎಷ್ಟು? “ಹತ್ತು.” ಏಳು ಸಿಟ್ಟಿಂಗ್ ಹಿಡಿಯಿತು. ಒಂದು ದಿನ ಬೆರಳು ನೋಡುತ್ತಿರುವಾಗ ಚಿಕ್ಕಮ್ಮ ಅಡುಗೆಮನೆಯಿಂದ “ಕೊತ್ತಂಬರಿ ಮರೀಬೇಡ್ರೋ” ಅಂತ ಕೂಗಿದ್ದು ಕೇಳಿಸಿತು. ಆರು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ಅಲ್ಲಿ ನಾವೆಲ್ಲ ಇದ್ದೆವು, ಯಾರಿಗೂ ಏನೂ ಗೊತ್ತಿರಲಿಲ್ಲ. ಅವತ್ತು ಜೋರಾಗಿ ಅತ್ತೆ.

ನೀವು “ಮರೆತುಹೋಗುತ್ತಾ” ಅಂದಿರಿ. ಇಲ್ಲ. ಮರೆಯೋಕೆ ಅಂತ ಹೋಗೋದಾದರೆ ಹೋಗಲೇಬೇಡಿ. ಮೊಳೆ ಈಗಲೂ ನೆನಪಿದೆ, ಆದರೆ ಅದು ಗೋಡೆಯ ಮೇಲಿದೆ, ನನ್ನ ಎದೆಯಲ್ಲಿ ಇಲ್ಲ. ಚಿತ್ರ ಹಿಡಿದುಕೊಂಡೇ ಬೆರಳನ್ನೂ ನೋಡಬೇಕಾದಾಗ ಎರಡಕ್ಕೂ ತಲೆಯಲ್ಲಿ ಜಾಗ ಸಾಲದೆ ಚಿತ್ರ ಮಸುಕಾಗುತ್ತೆ ಅಂತ ಒಂದು ವಿವರಣೆ. ಕಣ್ಣಾಡಿಸೋದರಿಂದ ನಿಜಕ್ಕೂ ಏನಾದರೂ ಆಗುತ್ತಾ ಅಂತ, ಈ ಚಿಕಿತ್ಸೆ ರೂಪಿಸಿದ ಫ್ರಾನ್ಸಿನ್ ಶಪೀರೊ 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದಾಗಿನಿಂದ ಜಗಳ ನಡೆದೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ (ಇಂಥ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಗೆ) ಇದನ್ನೂ ಶಿಫಾರಸು ಮಾಡಿತು. ನನಗೆ ಅಷ್ಟು ಸಾಕು.

ಯೂಟ್ಯೂಬಿನಲ್ಲಿ ಚುಕ್ಕಿ ಓಡಾಡುವ ವಿಡಿಯೋ ಹಾಕಿಕೊಂಡು ರಾತ್ರಿ ಒಬ್ಬರೇ ಮಾಡಬೇಡಿ. ಎದ್ದ ಧೂಳನ್ನು ಅಡಗಿಸೋಕೆ ಪಕ್ಕದಲ್ಲಿ ಒಬ್ಬರು ಬೇಕು. ಕನ್ನಡದಲ್ಲೇ ಮಾಡುವವರನ್ನು ಹುಡುಕಿ. ಇದರಲ್ಲಿ ನಾನು ಹಠ ಮಾಡುತ್ತೇನೆ. “ಇಲ್ಲೇ ಯಶವಂತಪುರ ಕಣೋ” ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಳಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಖಾಸಗಿ ಫೀಸು ಕೈಗೆಟುಕದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಕ್ಯೂ ಇರುತ್ತೆ, ತಾಳ್ಮೆ ಬೇಕು. ಅಲ್ಲಿವರೆಗೆ ರಾತ್ರಿ ಕಷ್ಟವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ತಮ್ಮನಿಗೆ ಹೆಲ್ಮೆಟ್ ವಿಷಯ ಹೇಳಿದೆಯಾ ಅಂತ ನೀವು ಕೇಳಬಹುದು. ಇನ್ನೂ ಇಲ್ಲ. ಹೋದ ಭಾನುವಾರ ಅವನ ಮನೆಯಲ್ಲಿದ್ದೆ. ಕಾಫಿ ಲೋಟ ಮುಂದೆ ಹಿಡಿದು, “ಹೆಂಗಿದೆಯೋ ವಾಸನೆ, ಪುಡಿ ಚೇಂಜ್ ಮಾಡಿದೀನಿ” ಅಂದ. ಚೆನ್ನಾಗಿದೆ ಅಂದೆ. ಮುಂದಿನ ಸಲ ನೋಡೋಣ.